ಜೋರಾಗಿ ಒತ್ತಿದರೆ ಜಾಸ್ತಿ ನೀರು

ಫ್ರಿಜ್ಜಿನ ಬಾಗಿಲಲ್ಲೇ ನೀರು ಬರುತ್ತದಲ್ಲ, ಆ ಗುಂಡಿ ನಿನ್ನೆ ರಾತ್ರಿ ಮತ್ತೆ ಸಿಕ್ಕಿಹಾಕಿಕೊಂಡಿತು. ಒರೆಸಿದ ಬಟ್ಟೆ ಇನ್ನೂ ಒಣಗಿಲ್ಲ. ನನ್ನ ಸಿಟ್ಟೂ ಇಳಿದಿಲ್ಲ.

ಗುಂಡಿ ಅಂತ ಸುಮ್ನೆ ಕರೆಯುತ್ತೇವೆ. ಅದೊಂದು ಪ್ಲಾಸ್ಟಿಕ್ ಪಟ್ಟಿ. ಲೋಟದಿಂದ ತಳ್ಳಿದರೆ ಹಿಂದಿರುವ ಪುಟ್ಟ ಸ್ವಿಚ್ ‘ಟಿಕ್’ ಅನ್ನುತ್ತದೆ, ಒಳಗೆ ವಾಲ್ವ್ ತೆರೆದು ನೀರು ಬರುತ್ತದೆ. ಲೋಟ ತೆಗೆದರೆ ಸ್ಪ್ರಿಂಗು ಪಟ್ಟಿಯನ್ನು ಮುಂದಕ್ಕೆ ತರುತ್ತದೆ, ನೀರು ನಿಲ್ಲುತ್ತದೆ. ವ್ಯವಹಾರ ಇಷ್ಟೇ. ಮೆಲ್ಲಗೆ ಒತ್ತಿದರೂ ಅಷ್ಟೇ ನೀರು, ಭುಜ ಕೊಟ್ಟು ತಳ್ಳಿದರೂ ಅಷ್ಟೇ ನೀರು. ಧಾರೆ ಸಣ್ಣಗಾಗಿದ್ದರೆ ಫಿಲ್ಟರ್ ಕಟ್ಟಿಕೊಂಡಿರಬೇಕು, ಇಲ್ಲವೇ ಪೈಪಿನಲ್ಲಿ ಒತ್ತಡ ಕಡಿಮೆ ಇರಬೇಕು. ನಮ್ಮ ತೋಳಿಗೂ ಅದಕ್ಕೂ ಸಂಬಂಧ ಇಲ್ಲ.

ಇದನ್ನು ನಮ್ಮನೆಯವರಿಗೆ ಹೇಳಿ ನೋಡಿ.

ಅವರು ನೀರು ಹಿಡಿಯುವುದೇ ಒಂದು ನೋಟ. ಮೊದಲು ಎರಡು ಕಾಲನ್ನೂ ಅಗಲಿಸಿ ನಿಲ್ಲುತ್ತಾರೆ. ಸ್ಟೀಲ್ ಲೋಟದ ಅಂಚನ್ನು ಪಟ್ಟಿಗೆ ಆನಿಸುತ್ತಾರೆ. ಆಮೇಲೆ ಕೆಟ್ಟು ನಿಂತ ಕಾರು ತಳ್ಳುವವರ ಹಾಗೆ ಮೈಭಾರ ಬಿಡುತ್ತಾರೆ. ಫ್ರಿಜ್ಜು ಒಂದಿಷ್ಟು ಹಿಂದಕ್ಕೆ ವಾಲುತ್ತದೆ. ಮೇಲಿಟ್ಟ ಡಬ್ಬಗಳು ಗಡಗಡ ಅನ್ನುತ್ತವೆ. ‘ರೀ, ಮೆಲ್ಲಗೆ’ ಅಂದರೆ, ‘ಜೋರಾಗಿ ಒತ್ತಿದ್ರೇನೇ ಚೆನ್ನಾಗಿ ಬರೋದು, ನಿಂಗೆ ಗೊತ್ತಾಗಲ್ಲ’ ಅನ್ನುತ್ತಾರೆ. ಅರ್ಧ ಲೋಟ ನೀರಿಗೆ ಇಷ್ಟು ಕುಸ್ತಿ. ಕುಡಿಯುವುದು ಎರಡು ಗುಟುಕು. ಉಳಿದದ್ದನ್ನು ಅಲ್ಲೇ ಇಟ್ಟು ಹೋಗುತ್ತಾರೆ, ಅದು ಬೇರೆ ವಿಷಯ.

ನಿನ್ನೆ ಒತ್ತಿದರು. ಪಟ್ಟಿ ಒಳಗೆ ಹೋಯಿತು. ಹೊರಗೆ ಬರಲಿಲ್ಲ.

ಲೋಟ ತುಂಬಿತು. ಇನ್ನೊಂದು ಕೊಟ್ಟೆ, ಅದೂ ತುಂಬಿತು. ಚೊಂಬು, ಜಗ್ಗು, ಕೊನೆಗೆ ಒಗ್ಗರಣೆ ಬಾಣಲೆ. ಕೆಳಗೊಂದು ಪುಟ್ಟ ಟ್ರೇ ಇದೆ. ಅದರಡಿಯಲ್ಲಿ ಪೈಪಿದೆ, ನೀರೆಲ್ಲ ಎಲ್ಲೋ ಹೋಗುತ್ತದೆ ಅಂತ ನಮ್ಮನೆಯವರ ನಂಬಿಕೆ. ಪೈಪೂ ಇಲ್ಲ, ಗೀಪೂ ಇಲ್ಲ. ಚೆಲ್ಲಿದ ನಾಲ್ಕು ಹನಿ ಹಿಡಿಯಲು ಇಟ್ಟ ತಟ್ಟೆ ಅದು. ತುಂಬಿ ನೆಲಕ್ಕಿಳಿಯಿತು.

ಬಾಗಿಲು ತೆಗೆದರೆ ನೀರು ನಿಲ್ಲುತ್ತದೆ ಅಂತ ನೆನಪಾಯಿತು. ತೆಗೆದೆ, ನಿಂತಿತು. ಉಸಿರು ಬಿಟ್ಟೆವು. ಸ್ವಲ್ಪ ಹೊತ್ತಿಗೇ ಫ್ರಿಜ್ಜು ಕೀಂ ಕೀಂ ಅಂತ ಶುರು ಮಾಡಿತು, ಬಾಗಿಲು ತೆರೆದಿದೆ ಅಂತ. ಮುಚ್ಚಿದರೆ ನೀರು, ತೆಗೆದರೆ ಕೂಗು. ಒಳಕೋಣೆಯಿಂದ ಅತ್ತೆಯ ದನಿ: ‘ಏನೋ ಅದು ಆಗ್ಲಿಂದ ಕಿರುಚ್ಕೊಳ್ತಿದೆ? ಬಾಗಿಲು ಹಾಕೋ!’ ಅಮ್ಮನ ಮಾತಿಗೆ ಎಂದೂ ಎದುರಾಡದ ಮಗ. ಹಾಕಿದರು. ನೀರು ನೇರ ನನ್ನ ಪಾದದ ಮೇಲೆ.

ಪ್ಲಗ್ ತೆಗೆಯೋಣ ಅಂದರೆ ಅದು ಫ್ರಿಜ್ಜಿನ ಹಿಂದೆ. ನೀರಿನ ವಾಲ್ವ್ ಕೂಡ ಹಿಂದೆಯೇ. ಎಲ್ಲ ಬೇಕಾದ್ದೂ ಹಿಂದೆಯೇ ಇರುತ್ತದೆ, ಅಲ್ವಾ?

ಅಷ್ಟರಲ್ಲಿ ಮಗ ಬಂದ. ಕಿವಿಯಲ್ಲಿ ಇಯರ್‌ಫೋನ್. ಬಾಣಲೆ ಹಿಡಿದ ಅಪ್ಪನನ್ನು ಒಮ್ಮೆ ನೋಡಿದ. ಬೀಗದ ಚಿತ್ರವಿದ್ದ ಜಾಗದ ಮೇಲೆ ಬೆರಳಿಟ್ಟು 3 ಸೆಕೆಂಡ್ ಹಿಡಿದ. ನೀರು ನಿಂತಿತು. ಹೊರಟೇ ಹೋದ.

ಆ ಲಾಕ್ ಹಾಕಿಡುತ್ತಿದ್ದದ್ದೇ ಅವನಿಗಾಗಿ. ಚಿಕ್ಕವನಿದ್ದಾಗ ಕೈ ಪಟ್ಟಿಗೆ ಎಟುಕದಿದ್ದರೂ ಬಿಡುತ್ತಿರಲಿಲ್ಲ. ‘ಎತ್ಕೋ’ ಅಂತ ಸೆರಗು ಎಳೆಯುತ್ತಿದ್ದ. ಎತ್ತಿಕೊಂಡರೆ ಎರಡೂ ಅಂಗೈಯಿಂದ ಒತ್ತಿ, ನೀರು ಬಿದ್ದಾಗಲೆಲ್ಲ ನಗುತ್ತಿದ್ದ. ಬಾಗಿಲಿನ ತುಂಬ ಅಂಟು ಬೆರಳಿನ ಗುರುತು. ಎಷ್ಟು ಒರೆಸಿದ್ದೇನೋ, ಎಷ್ಟು ಗೊಣಗಿದ್ದೇನೋ. ಈಗ ಬಾಗಿಲು ಸ್ವಚ್ಛವಾಗಿಯೇ ಇರುತ್ತದೆ. ಅವನು ಲೋಟದಲ್ಲೇ ಒತ್ತುತ್ತಾನೆ, ಕಣ್ಣು ಮೊಬೈಲಿನಲ್ಲಿ.

ಇರಲಿ. ಇಬ್ಬರೂ ಸೇರಿ ಫ್ರಿಜ್ಜು ಎಳೆದು ಪ್ಲಗ್ ಕಿತ್ತೆವು. ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಹಿಂಡಿ, ಹಳೇ ಟೂತ್‌ಬ್ರಷ್ಷಿನಿಂದ ಪಟ್ಟಿಯ ಸಂದಿ ಉಜ್ಜಿದೆ. ಬಂದದ್ದು ನೋಡಬೇಕಿತ್ತು. ಯಾವ ಕಾಲದ್ದೋ ಜ್ಯೂಸಿನ ಕಂದು ಅಂಟು, ಗಡಸು ನೀರು ಒಣಗಿ ಕೂತ ಬಿಳಿ ಪುಡಿ. ಬಿಳಿಯದಕ್ಕೆ ಹತ್ತಿಕಡ್ಡಿಯಲ್ಲಿ ವಿನೆಗರ್ ಹಚ್ಚಿ ಒರೆಸಬೇಕಾಯಿತು. ‘ಎರಡು ಹನಿ ಎಣ್ಣೆ ಬಿಡು’ ಅಂತ ಸಲಹೆ ಬಂತು. ಎಣ್ಣೆಗೆ ಧೂಳು ಅಂಟಿ ಇನ್ನೂ ಬಿಗಿಯುತ್ತದೆ, ಜತೆಗೆ ಅದು ಕುಡಿಯುವ ನೀರಿನ ಜಾಗ. ಬಾಟಲಿ ಕಿತ್ತಿಟ್ಟೆ. ಪಟ್ಟಿ ಟಿಕ್ ಅಂತ ಮುಂದೆ ಬಂತು.

ಬೆಳಿಗ್ಗೆ ಕಾಫಿಯ ಹೊತ್ತಿಗೆ ಮತ್ತೆ ಅರ್ಧಕ್ಕೇ ನಿಂತಿತು. ಲಾಕ್ ಹಾಕಿ, ರಿಪೇರಿಯವರನ್ನು ಕರೆಸಿದೆವು. ಹುಡುಗ ಟಾರ್ಚ್ ಬಿಟ್ಟು ನೋಡಿದ. ಪಟ್ಟಿ ತಿರುಗುವ ಮೂಲೆಯಲ್ಲಿ ಪ್ಲಾಸ್ಟಿಕ್ಕು ಬಿರುಕು ಬಿಟ್ಟಿತ್ತು. ಬೇರೆ ಹಾಕಿ, ಬೆರಳ ತುದಿಯಿಂದ ತಾಗಿಸಿ ತೋರಿಸಿದ.

‘ಇಷ್ಟೇ ಸರ್, ಹೀಗೆ ಮುಟ್ಟಿದ್ರೆ ಸಾಕು. ಯಾರೋ ತುಂಬಾ ಜೋರಾಗಿ ಒತ್ತುತ್ತಾರೆ ಅನ್ಸುತ್ತೆ.’

ನಮ್ಮನೆಯವರು ಗಂಭೀರವಾಗಿ ತಲೆಯಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, ‘ಕೇಳಿಸ್ತಾ?’ ಅಂದರು.