ತೊಳೆದಿಟ್ಟ ಬಲೆ

ಬೈಬಲಿನಲ್ಲಿ ಲೂಕನ ಶುಭಸಂದೇಶದ 5ನೇ ಅಧ್ಯಾಯದ ಕಥೆ ನಮಗೆಲ್ಲ ಬಾಯಿಪಾಠ. ರಾತ್ರಿಯೆಲ್ಲ ದುಡಿದರೂ ಸಿಮೋನನಿಗೆ ಒಂದು ಮೀನೂ ಸಿಗಲಿಲ್ಲ. ಯೇಸುಸ್ವಾಮಿ ಹೇಳಿದರು, ಬಲೆ ಹಾಕಿದ, ದೋಣಿ ತುಂಬಿತು. 2025ರ ಫೆಬ್ರವರಿ 9ರ ಭಾನುವಾರದ ಪೂಜೆಯಲ್ಲಿ ಇದೇ ವಾಚನ. ಆದರೆ ಅವತ್ತು ನನ್ನ ಮನಸ್ಸು ತುಂಬಿದ ದೋಣಿಯವರೆಗೆ ಹೋಗಲೇ ಇಲ್ಲ. ಶುರುವಿನ ಒಂದು ಸಣ್ಣ ಮಾತಿನಲ್ಲೇ ನಿಂತುಬಿಟ್ಟಿತು. ಬೆಸ್ತರು ದಡದಲ್ಲಿ ಬಲೆ ತೊಳೆಯುತ್ತಿದ್ದರು.

ಮೀನೇ ಸಿಗದ ಬಲೆಯನ್ನು ಯಾಕೆ ತೊಳೆಯಬೇಕು?

ಕಾರವಾರದಲ್ಲೇ ಹುಟ್ಟಿ ಬೆಳೆದರೂ ನನಗೆ ಗೊತ್ತಿರಲಿಲ್ಲ. ಆ ವಾರ ಬೈತಖೋಲ್ ಬಂದರಿಗೆ ಹೋದೆ. ಒಬ್ಬ ಹಿರಿಯರು ಬಲೆಯನ್ನು ತೊಡೆ ಮೇಲೆ ಹಾಕಿಕೊಂಡು ಕೂತಿದ್ದರು. ಬಲೆಯ ಕಣ್ಣುಗಳಲ್ಲಿ ಸಣ್ಣ ಸಣ್ಣ ಏಡಿಗಳು ಸಿಕ್ಕಿಕೊಂಡಿದ್ದವು. ಎಳೆದರೆ ನೂಲು ಹರಿಯುತ್ತದೆ. ಒಂದೊಂದೇ ಕಾಲು ಮುರಿದು ಬಿಡಿಸುತ್ತಿದ್ದರು. ಬೆರಳ ತುದಿಯೆಲ್ಲ ಬಿರಿದಿತ್ತು. ಪಕ್ಕದ ಬುಟ್ಟಿಯಲ್ಲಿ ನಾಲ್ಕೇ ನಾಲ್ಕು ಬಂಗಡೆ.

"ಇವತ್ತು ಏನೂ ಸಿಗಲಿಲ್ವಾ ಅಣ್ಣ?"

"ಸಿಗ್ಲಿಲ್ಲ. ಅದಕ್ಕೆ ಬಲೆದೇನು ತಪ್ಪು?"

"ಈಗ ಯಾರಾದರೂ ಬಂದು, ಮತ್ತೆ ಹೋಗಿ ಅಂದರೆ?"

ಅವರು ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದರು. "ತೊಳೆದ ಮೇಲಾ? ಮತ್ತೆ ಇಷ್ಟೂ ಮಾಡ್ಬೇಕಲ್ಲ!"

ಸಿಮೋನನ ವಿಧೇಯತೆ ಎಷ್ಟು ದೊಡ್ಡದು ಅಂತ ನನಗೆ ಅಲ್ಲಿ ಗೊತ್ತಾಯಿತು. ನಿದ್ದೆಗೆಟ್ಟ ಮೈ. ಹೊತ್ತು ಏರಿದೆ. ಬಲೆ ತೊಳೆದಾಗಿದೆ. ಹೇಳುತ್ತಿರುವವರು ಬಡಗಿ. ಆದರೂ ನಿಮ್ಮ ಮಾತಿನ ಮೇಲೆ ಹಾಕುತ್ತೇನೆ ಅಂದ.

ನಾವು ಇದನ್ನೆಲ್ಲ ಹಾರಿಸಿ ನೇರ ಮೀನಿಗೆ ಬರುತ್ತೇವೆ. ಪ್ರಾರ್ಥನಾಕೂಟಗಳಲ್ಲಿ ಸಾಕ್ಷಿ ಹೇಳೋದು ಯಾರು? ಗಲ್ಫಿನಲ್ಲಿ ಕೆಲಸ ಸಿಕ್ಕವರು, ಮನೆ ಕಟ್ಟಿಸಿದವರು. ದೇವರಿಗೆ ಥ್ಯಾಂಕ್ಸ್ ಹೇಳಲಿ, ಅದು ಸರಿಯೇ. ಆದರೆ ಬರಿಗೈಲಿ ಬಂದವರಿಗೆ ಅಲ್ಲಿ ಜಾಗ ಇಲ್ಲ. ನನ್ನ ಮಗನಿಗೆ ಎರಡು ವರ್ಷ ಕೆಲಸ ಇರಲಿಲ್ಲ. ಆಗ ಒಬ್ಬರು ನನ್ನ ಹೆಂಡತಿಗೆ, "ನಿಮ್ಮ ಪ್ರಾರ್ಥನೆಯಲ್ಲೇ ಏನೋ ಕೊರತೆ ಇದೆ" ಅಂದರು. ಅವಳು ಪ್ರತಿ ಸಂಜೆ ತಪ್ಪದೆ ಜಪಸರ ಹೇಳುತ್ತಿದ್ದಳು. ಅವತ್ತು ರಾತ್ರಿ ಅತ್ತಳು. ಮಾರನೇ ಸಂಜೆ ಮತ್ತೆ ಜಪಸರ ಹಿಡಿದು ಕೂತಳು. ಬಲೆ ತೊಳೆಯುವುದು ಅಂದರೆ ಅದೇ ಅಲ್ವಾ?

ಇನ್ನೊಂದು ಮಾತು. ಬಲೆ ಹರಿಯುವ ಹಾಗಾದಾಗ ಅವರು ಇನ್ನೊಂದು ದೋಣಿಯ ಪಾಲುದಾರರಿಗೆ ಸನ್ನೆ ಮಾಡಿ ಕರೆದರು. ಎರಡು ದೋಣಿಯೂ ತುಂಬಿತು. ನಮ್ಮ ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಂಪಣಿ ಬಲೆಯನ್ನು ಯಾರೂ ಒಬ್ಬರೇ ಎಳೆಯಲಾರರು. ದಡದಲ್ಲಿ ಹತ್ತಾರು ಜನ ಹಗ್ಗಕ್ಕೆ ಕೈ ಹಾಕಬೇಕು. ಎಳೆದವರಿಗೆಲ್ಲ ಪಾಲು. ದೇವರು ನಮಗೆ ಕೊಟ್ಟಾಗ ನಾವು ಯಾರಿಗೆ ಸನ್ನೆ ಮಾಡುತ್ತೇವೆ?

ನಮ್ಮ ವಾರ್ಡಿನ ಒಂದು ಕುಟುಂಬ ಈಗ ಪೂಜೆಗೆ ಬರುತ್ತಿಲ್ಲ. ಸಾಲ ಜಾಸ್ತಿ ಆಗಿದೆ. ಜನ ಏನಾದರೂ ಕೇಳುತ್ತಾರೆ ಅನ್ನೋ ಸಂಕೋಚ. ಯೊವಾನ್ನನ ಶುಭಸಂದೇಶದ 21ನೇ ಅಧ್ಯಾಯ ನೋಡಿ. ಪೇತ್ರ, ಅಂದರೆ ಅದೇ ಸಿಮೋನ, ಮೂರು ಸಲ ಸ್ವಾಮಿಯನ್ನು ಗೊತ್ತಿಲ್ಲ ಅಂದಿದ್ದ, ಅದೂ ಕೆಂಡದ ಪಕ್ಕ ಚಳಿ ಕಾಯಿಸಿಕೊಳ್ಳುತ್ತಾ. ಪುನರುತ್ಥಾನದ ನಂತರ ಸ್ವಾಮಿ ದಡದಲ್ಲಿ ಕೆಂಡ ಮಾಡಿ, ಮೀನು ಸುಟ್ಟು, ಬನ್ನಿ, ತಿನ್ನಿ ಅಂದರು. ಪ್ರೀತಿಸುತ್ತೀಯಾ ಅಂತ ಕೇಳಿದ್ದು ಅವನ ಹೊಟ್ಟೆ ತುಂಬಿದ ಮೇಲೆ.

ನಾಳೆ ಸಂಜೆ ನಾವಿಬ್ಬರೂ ಆ ಮನೆಗೆ ಹೋಗುತ್ತಿದ್ದೇವೆ. ಪೂಜೆಗೆ ಯಾಕೆ ಬರಲಿಲ್ಲ ಅಂತ ಕೇಳೋದಿಲ್ಲ. ಹೆಂಡತಿ ಬಂಗಡೆ ಸಾರು ಮಾಡುತ್ತೇನೆ ಅಂದಿದ್ದಾಳೆ.