ಎಫ್ರೇಮನನ್ನು ಬಿಟ್ಟಿದ್ದೀರಿ

ಚರ್ಚಿನ ಹಬ್ಬಗಳನ್ನೂ ಸಂತರನ್ನೂ ಕವಿತೆಯಲ್ಲಿ ನೆನೆಯುವ ಬಗ್ಗೆ ನೀವು ಬರೆದ ಲೇಖನ ಇಷ್ಟವಾಯಿತು. ಆದರೆ ಕತೆಯನ್ನು 1827ರ ಇಂಗ್ಲಿಷ್ ಕವಿ ಜಾನ್ ಕೀಬಲ್‌ನಿಂದ ಶುರು ಮಾಡಿದ್ದು ತೀರಾ ತಡವಾಯಿತು ಅಲ್ವಾ? ನಾಲ್ಕನೇ ಶತಮಾನದಲ್ಲೇ ಸಂತ ಎಫ್ರೇಮ್ ಸಿರಿಯಾಕ್ (ಸುರಿಯಾನಿ) ಭಾಷೆಯಲ್ಲಿ ಈ ಕೆಲಸ ಮಾಡಿದ್ದ. ಅದೂ ಎಷ್ಟು ಚೆನ್ನಾಗಿ!

ಅವನು ರೋಮನ್ ಸಾಮ್ರಾಜ್ಯದ ಗಡಿಯ ಊರಾದ ನಿಸಿಬಿಸ್‌ನವನು. 363ರಲ್ಲಿ ರೋಮನ್ನರು ಆ ಊರನ್ನು ಪರ್ಶಿಯನ್ನರಿಗೆ ಬಿಟ್ಟುಕೊಟ್ಟಾಗ ಅಲ್ಲಿನ ಕ್ರೈಸ್ತರು ಗಂಟುಮೂಟೆ ಕಟ್ಟಬೇಕಾಯಿತು. ಎಫ್ರೇಮ್ ಎದೆಸ್ಸಾಕ್ಕೆ ಬಂದ (ಈಗಿನ ಟರ್ಕಿಯ ಉರ್ಫಾ), 373ರಲ್ಲಿ ಅಲ್ಲೇ ತೀರಿಕೊಂಡ. ತನ್ನೂರಿನ ಬಿಷಪ್‌ಗಳನ್ನು ಒಬ್ಬೊಬ್ಬರಾಗಿ ನೆನೆದು ಹಾಡು ಕಟ್ಟಿದ್ದಾನೆ. ಅದೇ ಗುಚ್ಛದಲ್ಲಿ ಸಾವೂ ಸೈತಾನನೂ ಜಗಳಕ್ಕೆ ನಿಲ್ಲುತ್ತಾರೆ. ನನಗಂತೂ ನಮ್ಮ ಯಕ್ಷಗಾನದ ವಾದದ ಪ್ರಸಂಗ ಓದಿದ ಹಾಗಾಯಿತು.

ಕ್ರಿಸ್‌ಮಸ್ ಹಾಡುಗಳು ಇನ್ನೂ ಜಾಸ್ತಿ ಇಷ್ಟ. ಮರಿಯಳ ಹಾಲು ಕುಡಿಯುವ ಕೂಸೇ ಲೋಕಕ್ಕೆಲ್ಲ ಉಣಿಸುತ್ತದೆ ಎನ್ನುವ ಬೆರಗು ಅಲ್ಲಿದೆ. ಕೆಲವು ಕಡೆ ಮರಿಯಳೇ ಮಗುವಿನ ಜೊತೆ ಮಾತಾಡುತ್ತಾಳೆ.

ಇವು ಸುಮ್ನೆ ಕೂತು ಓದುವ ಕವಿತೆಗಳಲ್ಲ. ಪ್ರತಿ ಚರಣದ ನಂತರ ಗುಂಪು ಪಲ್ಲವಿ ಹಾಡಬೇಕು. ಎಫ್ರೇಮ್ ಹೆಂಗಸರಿಗೆ ಹಾಡು ಕಲಿಸಿದ್ದನ್ನು ಆಮೇಲಿನ ಕವಿ ಸೆರೂಗಿನ ಯಾಕೋಬ ಬಾಯ್ತುಂಬ ಹೊಗಳಿದ್ದಾನೆ. ಮನೆಯಲ್ಲಿ ಮೌನವಾಗಿ ಓದುವ ಕೀಬಲ್‌ನ ಕವಿತೆಗಳಿಗೂ ಇವಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ ಅನಿಸುತ್ತದೆ.

ಕೇರಳದ ಸುರಿಯಾನಿ ಚರ್ಚುಗಳಲ್ಲಿ ಎಫ್ರೇಮನ ಹೆಸರು ಇವತ್ತಿಗೂ ಕೇಳುತ್ತದೆ. ಕ್ಯಾಥೊಲಿಕ್ ಪಂಚಾಂಗದಲ್ಲಿ ಅವನ ದಿನ ಜೂನ್ 9. ಆ ಹೊತ್ತಿಗೆ ಅವನ ಮೇಲೊಂದು ಲೇಖನ ಬರೆಯಿರಿ.