ಎಷ್ಟು ತಿಂತು ಅಂತ ಕೇಳಬೇಡಿ, ಏನು ಕೊಟ್ರಿ ಅಂತ ಕೇಳಿ

ಆರು ತಿಂಗಳು ಬರೀ ಎದೆಹಾಲು ಕುಡಿದ ಮಗುವಿಗೆ ಮೊದಲ ತುತ್ತು ಕೊಟ್ಟ ದಿನದಿಂದ ಮನೆಯಲ್ಲಿ ಒಂದೇ ಪ್ರಶ್ನೆ. ಎಷ್ಟು ತಿಂತು? ಕೆಲಸದಿಂದ ಬಂದ ಅಪ್ಪ ಕೇಳುತ್ತಾರೆ, ಫೋನ್ ಮಾಡಿದ ಅಜ್ಜಿ ಕೇಳುತ್ತಾರೆ, ಪಕ್ಕದ ಮನೆಯವರೂ ಕೇಳುತ್ತಾರೆ. "ಎರಡು ಚಮಚ" ಅಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. "ಬಟ್ಟಲು ಪೂರ್ತಿ ಖಾಲಿ" ಅಂದರೆ ಎಲ್ಲರಿಗೂ ಸಮಾಧಾನ. ಆ ಬಟ್ಟಲಲ್ಲಿ ಏನಿತ್ತು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಎದೆಹಾಲು ಕುಡಿಯುತ್ತಿದ್ದ ಇಬ್ಬರು ಮಕ್ಕಳಿಗೆ ಊಟ ರೂಢಿ ಮಾಡಿಸಿದ ತಾಯಿ ನಾನು. ಈಗ ತಂಗಿಯ ಸರದಿ. "ಅಕ್ಕಾ, ಇವತ್ತೂ ಸರಿಯಾಗಿ ತಿನ್ನಲಿಲ್ಲ" ಅಂತ ಅವಳು ಅಳುದನಿಯಲ್ಲಿ ಫೋನ್ ಮಾಡುವುದನ್ನು ಕೇಳಿ ಕೇಳಿ ಇದನ್ನು ಬರೆಯಲೇಬೇಕು ಅನಿಸಿತು. ಏನು ಕೊಡಬೇಕು, ಯಾವಾಗ ಕೊಡಬೇಕು, ಎಷ್ಟು ಗಟ್ಟಿಯಾಗಿ ಕೊಡಬೇಕು, ಇವೆಲ್ಲ ದೊಡ್ಡವರು ತಲೆ ಕೆಡಿಸಿಕೊಳ್ಳಬೇಕಾದ ವಿಷಯ. ಎಷ್ಟು ತಿನ್ನಬೇಕು ಅನ್ನುವುದು ಮಗುವಿಗೆ ಬಿಟ್ಟದ್ದು. ಎಷ್ಟೋ ಮನೆಗಳಲ್ಲಿ ಇದು ಉಲ್ಟಾ ಆಗಿದೆ. ಏನು ಕೊಡುತ್ತೇವೆ ಅನ್ನುವುದರ ಬಗ್ಗೆ ಅಷ್ಟೇನೂ ಯೋಚನೆ ಇಲ್ಲ, ಎಷ್ಟು ತಿನ್ನಿಸಬೇಕು ಅನ್ನುವುದರಲ್ಲಿ ಮಾತ್ರ ಇಲ್ಲದ ಹಟ.

ಮೊದಲು ಹಾಲಿನ ಮಾತು. "ಆರು ತಿಂಗಳಾದ ಮೇಲೆ ಎದೆಹಾಲಿನಲ್ಲಿ ಸತ್ವ ಇರಲ್ಲ, ಬರೀ ನೀರು" ಅನ್ನುವವರು ಇನ್ನೂ ಇದ್ದಾರೆ. ಇದು ಶುದ್ಧ ಸುಳ್ಳು. ಆರರಿಂದ ಹನ್ನೆರಡು ತಿಂಗಳವರೆಗೆ ಮಗುವಿಗೆ ಬೇಕಾದ ಶಕ್ತಿಯಲ್ಲಿ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಪಾಲು ಎದೆಹಾಲಿನಿಂದಲೇ ಸಿಗಬಲ್ಲದು. ಎರಡನೇ ವರ್ಷದಲ್ಲೂ ಸುಮಾರು ಮೂರನೇ ಒಂದು ಪಾಲು. ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಆಹಾರದ ಜೊತೆಗೆ ಎರಡು ವರ್ಷ ಅಥವಾ ಅದಕ್ಕೂ ಮುಂದಕ್ಕೆ ಎದೆಹಾಲು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ. ಅದರ ಲೆಕ್ಕದಂತೆ, ಚೆನ್ನಾಗಿ ಎದೆಹಾಲು ಕುಡಿಯುವ 6ರಿಂದ 8 ತಿಂಗಳ ಮಗುವಿಗೆ ಹೊರಗಿನ ಆಹಾರದಿಂದ ದಿನಕ್ಕೆ ಬೇಕಾಗುವುದು ಸುಮಾರು 200 ಕಿಲೋಕ್ಯಾಲರಿ. 9ರಿಂದ 11 ತಿಂಗಳಿಗೆ ಸುಮಾರು 300. ವರ್ಷ ತುಂಬಿದ ಮೇಲೆ 550. ಅಂದರೆ ಶುರುವಿನಲ್ಲಿ ಬೇಕಾದದ್ದೇ ಕಡಿಮೆ. ಎರಡು ಚಮಚ ತಿಂದು ಬಾಯಿ ಮುಚ್ಚಿಕೊಂಡ ಮಗುವಿನ ಮುಂದೆ ಅಳುತ್ತಾ ಕೂರುವ ಅಗತ್ಯವೇ ಇಲ್ಲ.

ಹಾಲು ಅಷ್ಟು ಒಳ್ಳೆಯದಾದರೆ ಆಹಾರ ಯಾಕೆ ಬೇಕು? ಮುಖ್ಯವಾಗಿ ಕಬ್ಬಿಣಾಂಶಕ್ಕೆ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ "ಏನು ಕೊಡಬೇಕು" ಅನ್ನುವ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಹೊಟ್ಟೆಯಲ್ಲಿದ್ದಾಗ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಮಗು ತಾಯಿಯಿಂದ ಕಬ್ಬಿಣವನ್ನು ಪಡೆದು ತನ್ನ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಹುಟ್ಟಿದ ತಕ್ಷಣ ಹೊಕ್ಕುಳಬಳ್ಳಿ ಕತ್ತರಿಸದೆ ಒಂದೆರಡು ನಿಮಿಷ ಕಾದರೆ ಇನ್ನಷ್ಟು ಸೇರುತ್ತದೆ. ತಿಂಗಳು ತುಂಬಿ, ಒಳ್ಳೆಯ ತೂಕದಲ್ಲಿ ಹುಟ್ಟಿದ ಮಗುವಿಗೆ ಈ ದಾಸ್ತಾನು ಹೆಚ್ಚುಕಡಿಮೆ ಆರು ತಿಂಗಳು ಬರುತ್ತದೆ. ಆಮೇಲೆ ಬರಿದಾಗುತ್ತಾ ಹೋಗುತ್ತದೆ. ಎದೆಹಾಲಿನಲ್ಲಿರುವ ಕಬ್ಬಿಣ ಮಗುವಿನ ಮೈಗೆ ಚೆನ್ನಾಗಿ ಹಿಡಿಯುತ್ತದೆ ನಿಜ, ಆದರೆ ಒಂದು ಲೀಟರಿನಲ್ಲಿ ಅರ್ಧ ಮಿಲಿಗ್ರಾಂ ಕೂಡ ಇರುವುದಿಲ್ಲ. ಅಮೆರಿಕದಲ್ಲಿ ಬಳಸುವ ಲೆಕ್ಕದ ಪ್ರಕಾರ 7ರಿಂದ 12 ತಿಂಗಳ ಮಗುವಿನ ಊಟದಲ್ಲಿ ದಿನಕ್ಕೆ 11 ಮಿಲಿಗ್ರಾಂ ಕಬ್ಬಿಣ ಇರಬೇಕು. ಅದೇ ಲೆಕ್ಕದಲ್ಲಿ ಬೆಳೆದ ಗಂಡಸಿಗೆ ಬೇಕಾದದ್ದು 8 ಮಿಲಿಗ್ರಾಂ. ನೋಡಿ, ಅಂಬೆಗಾಲಿಡುವ ಮಗುವಿಗೆ ಅಪ್ಪನಿಗಿಂತ ಜಾಸ್ತಿ ಬೇಕು! ಮೈಯಲ್ಲಿ ರಕ್ತ ಹೆಚ್ಚುತ್ತಿರುತ್ತದೆ, ಮೆದುಳು ಭರದಿಂದ ಬೆಳೆಯುತ್ತಿರುತ್ತದೆ. ಈ ವಯಸ್ಸಿನಲ್ಲಿ ಕಬ್ಬಿಣ ಕಡಿಮೆಯಾದರೆ ಅದರ ಪೆಟ್ಟು ಮಗುವಿನ ಕಲಿಕೆಯ ಮೇಲೂ ಬೀಳಬಹುದು.

ಅದಕ್ಕೇ, ವಾರಗಟ್ಟಲೆ ಬರೀ ಸೇಬಿನ ಪೇಸ್ಟು, ಬರೀ ಕ್ಯಾರೆಟ್ ಪೇಸ್ಟು ಕೊಡುತ್ತಾ "ಬಟ್ಟಲು ಖಾಲಿ ಮಾಡಿತು" ಅಂತ ಖುಷಿಪಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹಣ್ಣು ತರಕಾರಿ ಬೇಡ ಅನ್ನುತ್ತಿಲ್ಲ, ಖಂಡಿತಾ ಕೊಡಿ. ಆದರೆ ಮೊದಲ ವಾರಗಳಿಂದಲೇ ಚೆನ್ನಾಗಿ ಬೇಯಿಸಿ ನುಣ್ಣಗೆ ಮಾಡಿದ ಬೇಳೆಕಾಳು, ಮೊಟ್ಟೆ, ತಿನ್ನುವ ಮನೆಯಾದರೆ ಮಾಂಸ, ಮೀನು, ಇಲ್ಲವೇ ಕಬ್ಬಿಣ ಸೇರಿಸಿದ ಧಾನ್ಯದ ಹಿಟ್ಟು, ಇವುಗಳಲ್ಲಿ ಏನಾದರೊಂದು ತಟ್ಟೆಯಲ್ಲಿರಲಿ. ಕಾಳಿನ ಕಬ್ಬಿಣ ಮಾಂಸದ ಕಬ್ಬಿಣದಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ. ಅದರ ಜೊತೆ ವಿಟಮಿನ್ ಸಿ ಇರುವ ಹಣ್ಣನ್ನೋ ಟೊಮೆಟೊವನ್ನೋ ಕೊಟ್ಟರೆ ಜಾಸ್ತಿ ಹೀರಿಕೊಳ್ಳುತ್ತದೆ. ತಿಂಗಳು ತುಂಬದೆ ಹುಟ್ಟಿದ, ಕಡಿಮೆ ತೂಕದ ಮಕ್ಕಳಿಗೆ ಈ ದಾಸ್ತಾನು ಬೇಗ ಮುಗಿಯುತ್ತದೆ. ಅಂಥವರಿಗೆ ಕಬ್ಬಿಣದ ಡ್ರಾಪ್ಸ್ ಬಗ್ಗೆ ಮಕ್ಕಳ ಡಾಕ್ಟರ್ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಮಾಂಸ, ಮೊಟ್ಟೆ ಎರಡೂ ತಿನ್ನದ ಮನೆಯವರೂ ಒಂದು ಮಾತು ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದು, ಗಟ್ಟಿತನ. ನನ್ನ ಪ್ರಕಾರ ಅತಿ ಹೆಚ್ಚು ಎಡವುವುದು ಇಲ್ಲೇ. ಗಂಟಲಲ್ಲಿ ಸಿಕ್ಕಿಕೊಂಡರೆ ಅನ್ನುವ ಹೆದರಿಕೆಗೆ ಗಂಜಿಯನ್ನು ನೀರು ನೀರು ಮಾಡುತ್ತಾರೆ. ಮಗುವಿನ ಹೊಟ್ಟೆ ಹಿಡಿಸುವುದು ಒಂದು ಕೆಜಿ ತೂಕಕ್ಕೆ ಸುಮಾರು 30 ಮಿಲಿ. ಎಂಟು ಕೆಜಿಯ ಮಗು ಅಂದರೆ 240 ಮಿಲಿ, ಒಂದು ಲೋಟದಷ್ಟು. ಅಷ್ಟು ಜಾಗವನ್ನು ತೆಳ್ಳನೆ ಗಂಜಿಯಿಂದ ತುಂಬಿಸಿದರೆ ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ಅದೂ ಅಲ್ಲದೆ ಮಗು ಆಮೇಲೆ ಹಾಲನ್ನೂ ಬೇಡ ಅನ್ನುತ್ತದೆ. ಎದೆಹಾಲು ಆ ನೀರು ಗಂಜಿಗಿಂತ ಎಷ್ಟೋ ಪಾಲು ಪುಷ್ಟಿ. ಒಳ್ಳೆಯದನ್ನು ತೆಗೆದು ಕಳಪೆ ಕೊಟ್ಟ ಹಾಗಾಯಿತು ಅಲ್ವಾ? ಒಂದು ಸುಲಭದ ಪರೀಕ್ಷೆ ಇದೆ. ಚಮಚದಲ್ಲಿ ತೆಗೆದು ಸ್ವಲ್ಪ ವಾಲಿಸಿ ನೋಡಿ. ಆಹಾರ ಚಮಚದಲ್ಲೇ ನಿಲ್ಲಬೇಕು. ತಟ್ಟನೆ ಸುರಿದು ಹೋದರೆ ಇನ್ನೂ ಗಟ್ಟಿ ಬೇಕು ಅಂತ ಅರ್ಥ. ಒಂದು ಚೂರು ಎಣ್ಣೆಯೋ ಬೆಣ್ಣೆಯೋ ಬೆರೆಸಿದರೆ ಅಷ್ಟೇ ಜಾಗದಲ್ಲಿ ಶಕ್ತಿ ಇನ್ನೂ ಜಾಸ್ತಿ. ತಿಂಗಳು ಕಳೆದ ಹಾಗೆ ನುಣ್ಣಗಿನದರಿಂದ ಕಿವುಚಿದ್ದಕ್ಕೆ, ಅಲ್ಲಿಂದ ಮೆತ್ತನೆ ಚೂರುಗಳಿಗೆ ಹೋಗಿ. ಒಂಬತ್ತು ಹತ್ತು ತಿಂಗಳಾದರೂ ಎಲ್ಲವನ್ನೂ ಮಿಕ್ಸಿಗೆ ಹಾಕುತ್ತಲೇ ಇದ್ದರೆ ಮಗು ಅಗಿಯುವುದನ್ನು ಕಲಿಯುವುದು ಯಾವಾಗ?

ಶುರು ಮಾಡುವ ವಯಸ್ಸಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆರು ತಿಂಗಳ ಹೊತ್ತಿಗೆ ಮಗು ಕುತ್ತಿಗೆ ಗಟ್ಟಿಯಾಗಿ ನಿಲ್ಲಿಸುತ್ತದೆ, ಆಸರೆ ಕೊಟ್ಟರೆ ಕೂರುತ್ತದೆ, ತಿನ್ನುವವರ ಕೈಯನ್ನೇ ನೋಡುತ್ತದೆ, ಬಾಯಿಗಿಟ್ಟದ್ದನ್ನು ನಾಲಿಗೆಯಿಂದ ಹೊರಗೆ ನೂಕುವುದು ಕಡಿಮೆಯಾಗುತ್ತದೆ. ಇದೆಲ್ಲ ಕಂಡರೆ ಸಾಕು. "ರಾತ್ರಿ ಚೆನ್ನಾಗಿ ಮಲಗುತ್ತೆ, ನಾಲ್ಕು ತಿಂಗಳಿಗೇ ಶುರು ಮಾಡು" ಅನ್ನುವ ಸಲಹೆ ಮಾತ್ರ ಕೇಳಬೇಡಿ. ಇಂಗ್ಲೆಂಡಿನಲ್ಲಿ ನಡೆದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮೂರು ತಿಂಗಳಿಂದ ಆಹಾರ ಶುರು ಮಾಡಿದ ಮಕ್ಕಳು ನಿಜಕ್ಕೂ ಜಾಸ್ತಿ ಮಲಗಿದರು. ಎಷ್ಟು ಜಾಸ್ತಿ ಅಂದರೆ, ಅತಿ ಹೆಚ್ಚೆಂದರೆ ರಾತ್ರಿಗೆ ಹದಿನೇಳು ನಿಮಿಷ. ಆ ಹದಿನೇಳು ನಿಮಿಷಕ್ಕೋಸ್ಕರ ಇನ್ನೂ ಕೂರಲಾರದ ಮಗುವಿನ ಬಾಯಿಗೆ ಚಮಚ ಇಡುವುದು ನನಗೆ ಒಪ್ಪಿಗೆಯಿಲ್ಲ. ಹಾಗಂತ ಏಳು ಎಂಟು ತಿಂಗಳವರೆಗೆ ಸುಮ್ನೆ ಮುಂದೂಡುವುದೂ ಬೇಡ. ಕಾರಣ ಮೇಲೆ ಹೇಳಿದ್ದೇನೆ.

ಈಗ ಆ "ಎಷ್ಟು" ವಿಷಯಕ್ಕೆ ಬರುತ್ತೇನೆ.

ಅಮೆರಿಕದಲ್ಲಿ ಕ್ಲಾರಾ ಡೇವಿಸ್ ಅನ್ನುವ ಮಕ್ಕಳ ವೈದ್ಯೆ 1920 ಮತ್ತು 30ರ ದಶಕಗಳಲ್ಲಿ ಒಂದು ಪ್ರಯೋಗ ಮಾಡಿದರು. ಆಗಷ್ಟೇ ಹಾಲು ಬಿಟ್ಟಿದ್ದ, ಬೇರೆ ಊಟದ ರುಚಿಯನ್ನೇ ನೋಡದ ಹದಿನೈದು ಮಕ್ಕಳು. ಅವರ ಮುಂದೆ ಬಗೆಬಗೆಯ ಸಾದಾ ಆಹಾರಗಳನ್ನು ಇಡುತ್ತಿದ್ದರು. ನರ್ಸ್ ಕೈಯಲ್ಲಿ ಚಮಚ ಹಿಡಿದು ಪಕ್ಕದಲ್ಲಿ ಸುಮ್ಮನೆ ಕೂರಬೇಕು. ತಾನಾಗಿ ಏನನ್ನೂ ಕೊಡುವ ಹಾಗಿಲ್ಲ, ಒತ್ತಾಯಿಸುವ ಹಾಗಿಲ್ಲ, ಹೊಗಳುವ ಹಾಗೂ ಇಲ್ಲ. ಮಗು ಕೈ ಚಾಚಿದರೆ ಮಾತ್ರ ಒಂದು ಚಮಚ. ಒಂದು ಮಗು ಒಂದು ಹೊತ್ತಿಗೆ ಮೊಟ್ಟೆಯನ್ನೇ ತಿಂದರೆ ಇನ್ನೊಂದು ಹಣ್ಣನ್ನೇ ತಿನ್ನುತ್ತಿತ್ತು. ಒಂದು ಮಗುವಿನ ಆಯ್ಕೆ ಇನ್ನೊಂದರ ಹಾಗಿರಲಿಲ್ಲ. ಆದರೂ ಎಲ್ಲ ಮಕ್ಕಳೂ ಚೆನ್ನಾಗಿ ಬೆಳೆದರು. ಡೇವಿಸ್ ಅವರೇ ಇದರ ಗುಟ್ಟು ಹೇಳಿದ್ದಾರೆ. ಮಕ್ಕಳ ಮುಂದೆ ಇಟ್ಟಿದ್ದೆಲ್ಲ ಒಳ್ಳೆಯ ಆಹಾರವೇ. ಸಕ್ಕರೆ ಹಾಕಿದ್ದು, ಕಾರ್ಖಾನೆಯಿಂದ ಬಂದದ್ದು ಯಾವುದೂ ಇರಲಿಲ್ಲ. ಏನಿಡಬೇಕು ಅಂತ ದೊಡ್ಡವರು ತೀರ್ಮಾನಿಸಿದ್ದರಿಂದ ಮಕ್ಕಳಿಗೆ ಬಿಟ್ಟಿದ್ದು ಕೆಲಸ ಮಾಡಿತು. ಇವತ್ತು ಇಂಥ ಪ್ರಯೋಗಕ್ಕೆ ಅನುಮತಿಯೇ ಸಿಗಲಿಕ್ಕಿಲ್ಲ. ಆದರೆ ಆ ನರ್ಸುಗಳ ತಾಳ್ಮೆ ನಮ್ಮ ಮನೆಗಳಿಗೆ ಬಂದರೆ ಸಾಕು ಅಂತ ನನಗೆ ಎಷ್ಟೋ ಸಲ ಅನಿಸಿದೆ.

ತಿನ್ನಿಸುವಾಗ ಮಗುವಿನ ಮುಖವನ್ನು ಹತ್ತಿರದಿಂದ ನೋಡಿ. ಹಸಿವಿದ್ದರೆ ಚಮಚ ಬರುವ ಮೊದಲೇ ಬಾಯಿ ತೆರೆದಿರುತ್ತದೆ, ಇಡೀ ಮೈ ಮುಂದಕ್ಕೆ ಬಾಗುತ್ತದೆ. ಹೊಸ ರುಚಿ ಸೋಕಿದ ಕೂಡಲೇ ಹುಬ್ಬು ಗಂಟಾಗುತ್ತದೆ, ಮೂಗು ಮುದುಡುತ್ತದೆ, ಭುಜ ಒಮ್ಮೆ ನಡುಗುತ್ತದೆ. "ಅಯ್ಯೋ, ಇಷ್ಟ ಆಗಲಿಲ್ಲ" ಅಂತ ಅಲ್ಲಿಗೇ ನಿಲ್ಲಿಸಬೇಡಿ. ಒಂದು ಕ್ಷಣ ಕಾಯಿರಿ. ಎಷ್ಟೋ ಸಲ ಅದೇ ಮಗು ಮತ್ತೆ ಬಾಯಿ ತೆರೆಯುತ್ತದೆ. ತೆರೆಯದಿದ್ದರೆ ಇವತ್ತಿಗೆ ಬಿಡಿ, ಇನ್ನೆರಡು ದಿನ ಬಿಟ್ಟು ಮತ್ತೆ ಕೊಡಿ. ಒಂದು ತರಕಾರಿಯನ್ನು ಎಂಟು ಹತ್ತು ಸಲ ರುಚಿ ತೋರಿಸಿದ ಮೇಲೆ ಒಪ್ಪಿಕೊಳ್ಳುವ ಮಕ್ಕಳೇ ಜಾಸ್ತಿ. ಸಾಕಾದಾಗ ಮಾತ್ರ ಮಗು ಬೇರೆ ಥರ ಹೇಳುತ್ತದೆ. ಮುಖ ತಿರುಗಿಸುತ್ತದೆ, ತುಟಿ ಬಿಗಿಹಿಡಿಯುತ್ತದೆ, ಚಮಚವನ್ನು ಕೈಯಿಂದ ತಳ್ಳುತ್ತದೆ. ಅಲ್ಲಿಗೆ ಊಟ ಮುಗಿಯಿತು. ಆಗ ಫೋನಿನಲ್ಲಿ ವಿಡಿಯೋ ಹಾಕಿ, ಮಗು ಅದನ್ನು ನೋಡುತ್ತಾ ಬಾಯಿ ತೆರೆದ ಹೊತ್ತಿಗೆ ತುರುಕುವುದು ಇದೆಯಲ್ಲ, ಅದು ನನಗೆ ನೋಡಲಿಕ್ಕೇ ಆಗುವುದಿಲ್ಲ. ಹೊಟ್ಟೆ ತುಂಬಿತು ಅಂತ ತಿಳಿಯುವ ಶಕ್ತಿ ಆ ಮಗುವಿಗೆ ಹುಟ್ಟಿನಿಂದ ಬಂದಿದೆ. ಆರು ತಿಂಗಳು ಎದೆಗೆ ಕಚ್ಚಿಕೊಂಡು ಕುಡಿದು, ಸಾಕಾದಾಗ ತಾನೇ ಬಿಟ್ಟ ಮಗು ಅದು. ಆಗ ಎಷ್ಟು ಮಿಲಿ ಕುಡೀತು ಅಂತ ಯಾರೂ ಅಳೆದಿರಲಿಲ್ಲ.

ಎದೆಹಾಲಿನ ಮಕ್ಕಳಿಗೆ ಇನ್ನೊಂದು ಅನುಕೂಲವೂ ಇದೆ. ತಾಯಿ ತಿಂದದ್ದರ ರುಚಿ, ವಾಸನೆ ಹಾಲಿಗೂ ಇಳಿಯುತ್ತದೆ. ಫಿಲಡೆಲ್ಫಿಯಾದ ವಿಜ್ಞಾನಿ ಜೂಲಿ ಮೆನೆಲ್ಲಾ ಮತ್ತು ಅವರ ಜೊತೆಯವರು 2001ರಲ್ಲಿ ಇದನ್ನು ತೋರಿಸಿಕೊಟ್ಟರು. ಗರ್ಭಿಣಿಯಾಗಿದ್ದಾಗ ಇಲ್ಲವೇ ಹಾಲೂಡಿಸುವಾಗ ಕ್ಯಾರೆಟ್ ರಸ ಕುಡಿದ ತಾಯಂದಿರ ಮಕ್ಕಳು, ಮುಂದೆ ಕ್ಯಾರೆಟ್ ರುಚಿಯ ಗಂಜಿ ಕೊಟ್ಟಾಗ ಕಡಿಮೆ ಮುಖ ಸಿಂಡರಿಸಿದರು. ಹಾಗಾಗಿ ಮನೆಯ ಅಡುಗೆ ನಿಮ್ಮ ಮಗುವಿಗೆ ಪೂರ್ತಿ ಅಪರಿಚಿತ ಅಲ್ಲ. ಬಾಣಂತಿ ಅದು ತಿನ್ನಬಾರದು, ಇದು ತಿನ್ನಬಾರದು ಅಂತ ಪಟ್ಟಿ ಹಿಡಿದು ಕೂರುವವರಿಗೆ ನಾನು ಇದನ್ನೇ ಹೇಳುವುದು.

ಅಲರ್ಜಿಯ ಹೆದರಿಕೆ ದೊಡ್ಡದು. ಒಂದು ಕಾಲದಲ್ಲಿ ಡಾಕ್ಟರುಗಳೇ ಹೆದರಿಸುತ್ತಿದ್ದರು. 2000ನೇ ಇಸವಿಯಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘ, ಅಲರ್ಜಿ ಬರುವ ಸಾಧ್ಯತೆ ಹೆಚ್ಚಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಬೇಡ ಅಂದಿತ್ತು. ಇದಕ್ಕೆ ಸರಿಯಾದ ಆಧಾರ ಸಿಗದೆ 2008ರಲ್ಲಿ ಆ ಸಲಹೆ ಕೈಬಿಟ್ಟಿತು. 2015ರಲ್ಲಿ ಲಂಡನ್ನಿನ ಗಿಡಿಯನ್ ಲ್ಯಾಕ್ ಅವರ ತಂಡ 640 ಮಕ್ಕಳ ಮೇಲೆ ನಡೆಸಿದ ಅಧ್ಯಯನ ಹೊರಬಂತು. ಎಲ್ಲರೂ ತೀವ್ರ ಎಕ್ಸಿಮಾ (ಚರ್ಮ ಕೆಂಪಾಗಿ ತುರಿಸುವ ತೊಂದರೆ) ಅಥವಾ ಮೊಟ್ಟೆಯ ಅಲರ್ಜಿ ಇದ್ದ ಮಕ್ಕಳು. ಕಡಲೆಕಾಯಿ ದೂರವಿಟ್ಟವರಲ್ಲಿ ಐದು ವರ್ಷದ ಹೊತ್ತಿಗೆ ನೂರಕ್ಕೆ ಸುಮಾರು 17 ಮಕ್ಕಳಿಗೆ ಅದರ ಅಲರ್ಜಿ ಬಂದಿತ್ತು. ಚಿಕ್ಕಂದಿನಿಂದಲೇ ತಿಂದವರಲ್ಲಿ ಬರೀ 3. ಮೊಟ್ಟೆ, ಕಡಲೆಕಾಯಿಗಳನ್ನು ವರ್ಷ ಕಳೆಯಲಿ ಅಂತ ಕಾಯುವುದು ಬೇಡ ಅನ್ನುವುದು ಇದಕ್ಕೇ. ನಿಮ್ಮ ಮಗುವಿಗೆ ತೀವ್ರ ಎಕ್ಸಿಮಾ ಇದ್ದರೆ ಮೊದಲು ಡಾಕ್ಟರನ್ನು ಕೇಳಿ. ಉಳಿದವರು ಒಂದೊಂದಾಗಿ, ಚೂರು ಚೂರಾಗಿ, ಹಗಲು ಹೊತ್ತಿನಲ್ಲಿ ಕೊಟ್ಟು ನೋಡಿ. ಕಡಲೆಕಾಯಿಯನ್ನು ಇಡಿಯಾಗಿ ಕೊಡಲೇಬೇಡಿ, ನುಣ್ಣಗೆ ಅರೆದು ಬೇರೆ ಆಹಾರದಲ್ಲಿ ಬೆರೆಸಿ.

ಬೇಡವೇ ಬೇಡ ಅನ್ನುವುದು ಕೆಲವಿವೆ. ವರ್ಷ ತುಂಬುವವರೆಗೆ ಜೇನುತುಪ್ಪ ಒಂದು ಹನಿಯೂ ಬೇಡ, ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕಣಗಳಿಂದ ಬೊಟುಲಿಸಂ ಅನ್ನುವ ಅಪಾಯಕಾರಿ ಕಾಯಿಲೆ ಬರಬಹುದು. ಉಪ್ಪು, ಸಕ್ಕರೆ ಸೇರಿಸಬೇಡಿ. ಜ್ಯೂಸ್ ಬೇಡ, ಟೀ ಬೇಡ. ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್ ತುಂಡು, ಪಾಪ್‌ಕಾರ್ನ್ ಗಂಟಲಿಗೆ ಅಪಾಯ. ತಿನ್ನುವಾಗ ಮಗು ನೆಟ್ಟಗೆ ಕೂತಿರಲಿ, ದೊಡ್ಡವರೊಬ್ಬರು ಎದುರಿಗೇ ಇರಲಿ. ಕೆಮ್ಮಿ, ಸದ್ದು ಮಾಡಿ, ಓಕರಿಸಿ ಹೊರಗೆ ತಳ್ಳುವುದು ಕಲಿಕೆಯ ಭಾಗ, ಅದಕ್ಕೆ ಗಾಬರಿ ಬೀಳಬೇಡಿ. ಗಾಬರಿಪಡಬೇಕಾದದ್ದು ಸದ್ದೇ ಇಲ್ಲದಾಗ. ಮಗುವಿಗೆ ಕೆಮ್ಮಲು, ಅಳಲು, ಉಸಿರಾಡಲು ಆಗದಿದ್ದರೆ ತಕ್ಷಣ ಏನು ಮಾಡಬೇಕು ಅಂತ ಮನೆಯವರೆಲ್ಲ ಮೊದಲೇ ಕಲಿತಿಟ್ಟುಕೊಳ್ಳಿ.

ತೂಕದ ಬಗ್ಗೆ ಕೇಳುವವರು ತುಂಬಾ. ಎದೆಹಾಲು ಕುಡಿಯುವ ಮಕ್ಕಳು ಮೊದಲ ಕೆಲವು ತಿಂಗಳಾದ ಮೇಲೆ ಡಬ್ಬಿ ಹಾಲಿನ ಮಕ್ಕಳಿಗಿಂತ ನಿಧಾನವಾಗಿ ತೂಕ ಏರುವುದು ಸಹಜ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊಸ ಬೆಳವಣಿಗೆಯ ಚಾರ್ಟ್ ತಂದದ್ದು ಇದೇ ಕಾರಣಕ್ಕೆ. ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕದ ಎದೆಹಾಲು ಕುಡಿದ ಮಕ್ಕಳನ್ನು ಅಳೆದು ಅದನ್ನು ಮಾಡಿದ್ದಾರೆ. ನಿಮ್ಮ ಮಗುವನ್ನು ಆ ಚಾರ್ಟಿನಲ್ಲಿ ನೋಡಿ. ಎದುರುಮನೆಯ ಮಗುವಿನ ಕೆನ್ನೆ ನೋಡಿ ಲೆಕ್ಕ ಹಾಕಬೇಡಿ. ಒಂದು ತಿಂಗಳ ತೂಕಕ್ಕಿಂತ ಗೆರೆ ಯಾವ ಕಡೆ ಹೋಗುತ್ತಿದೆ ಅನ್ನುವುದು ಮುಖ್ಯ.

ಇಷ್ಟೆಲ್ಲ ಹೇಳಿದ ಮೇಲೂ "ಎಷ್ಟು" ಅನ್ನುವುದನ್ನು ಪೂರ್ತಿ ಮರೆಯಬಾರದ ಸಂದರ್ಭಗಳಿವೆ. ಆ ಗೆರೆ ತಿಂಗಳಿಂದ ತಿಂಗಳಿಗೆ ಕೆಳಗಿಳಿಯುತ್ತಿದ್ದರೆ, ಒಂಬತ್ತು ತಿಂಗಳಾದರೂ ಮಗು ಯಾವ ಆಹಾರವನ್ನೂ ಬಾಯಿಗೆ ಸೇರಿಸದಿದ್ದರೆ, ನುಂಗುವಾಗ ಪ್ರತಿ ಸಲ ಕೆಮ್ಮಿದರೆ, ಬಣ್ಣ ಬಿಳಿಚಿಕೊಂಡು ಆಟದಲ್ಲೂ ಮಂಕಾಗಿದ್ದರೆ ಕಾಯಬೇಡಿ. ಮಕ್ಕಳ ಡಾಕ್ಟರ್ ಹತ್ತಿರ ಹೋಗಿ. ತೂಕ, ಉದ್ದ ಎರಡನ್ನೂ ಅಳೆಸಿ, ಹಿಮೋಗ್ಲೋಬಿನ್ ಪರೀಕ್ಷೆ ಬೇಕಾ ಅಂತ ನೀವಾಗಿಯೇ ಕೇಳಿ. ಹೋಗುವಾಗ ಹಿಂದಿನ ಮೂರು ದಿನ ಏನೇನು ಕೊಟ್ಟಿರಿ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹಾಲು ಎಷ್ಟು ಸಲ ಕುಡಿಯುತ್ತದೆ ಅನ್ನುವುದೂ ಅದರಲ್ಲಿರಲಿ.